ಮುಖ ನೋಡಿ ಮಣೆ ಹಾಕಬೇಡಿ: ಹೇಂಟೆಯೋ ಹುಂಜವೋ ಪತ್ತೆಹಚ್ಚುವ ಬಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಮೊಟ್ಟೆಗೆಂದು ಸಾಕಿದ ಕೋಳಿಗಳಿಗೆ ಐದು ತಿಂಗಳು ತುಂಬಿದೆ, ಗೂಡಿನಲ್ಲಿ ಹಾಸಿದ ಹುಲ್ಲು ಹಾಸಿದ ಹಾಗೆಯೇ ಇದೆ, ಇವತ್ತು ಬೆಳಗಿನ ಜಾವ ನಾಲ್ಕೂವರೆಗೆ ಅವುಗಳಲ್ಲೊಂದು ಕೂಗಿದೆ.

ನಮ್ಮ ಮನೆಯಲ್ಲಿ ಈ ದೂರು ಇನ್ನೂ ಬೇಗ ಬಂತು. ಕೆಂಗೇರಿ ಕಡೆಯ 30–40 ನಿವೇಶನದ ಮನೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಗೂಡು. ಶ್ರಾವಣದಲ್ಲಿ ರಸ್ತೆಬದಿ ಬುಟ್ಟಿಯಲ್ಲಿ ಮಾರುತ್ತಿದ್ದ ಬಣ್ಣದ ಮರಿಗಳನ್ನು ಕಂಡು ಮಗಳು ಹಟ ಹಿಡಿದಳು. ಗುಲಾಬಿ ಎರಡು, ಹಸಿರು ಒಂದು, ನೇರಳೆ ಒಂದು. ಕಾವೇರಿ, ತುಂಗೆ, ಭದ್ರೆ, ಹೇಮಾವತಿ ಎಂದು ಹೆಸರನ್ನೂ ಇಟ್ಟಳು. ಐದನೆಯದು ಕಪಿಲೆ, ಮಾಗಡಿ ಕಡೆಯ ನೆಂಟರು ಕೊಟ್ಟ ಕಂದು ನಾಟಿ ಪಿಳ್ಳೆ. ತಿಂಗಳು ಕಳೆಯುವಷ್ಟರಲ್ಲಿ ಬಣ್ಣದ ತುಪ್ಪಳ ಉದುರಿ ನಾಲ್ಕೂ ನದಿಗಳು ಬೆಳ್ಳಗಾದವು. ದೀಪಾವಳಿಯ ಪಟಾಕಿ ಸದ್ದು ಅಡಗಿದ ಮಾರನೆಯ ವಾರ ಕಾವೇರಿ ಕೂಗಿತು. ಮಹಡಿ ಮನೆಯವರ ಮುಖ ನೋಡಲಾಗದೆ ಅದನ್ನು ಊರಿಗೆ ಸಾಗಿಸಿದೆವು. ಮರುದಿನ ಬೆಳಿಗ್ಗೆ ತುಂಗೆ ಕೂಗಿತು.

ಅಂದಿನಿಂದ ಪರಿಚಿತರು ತಮ್ಮ ಕೋಳಿಗಳ ಚಿತ್ರಗಳನ್ನು ನನ್ನ ಮೊಬೈಲ್‌ಗೆ ಕಳಿಸಿ “ಇದು ಯಾವುದು?” ಎಂದು ಕೇಳುತ್ತಾರೆ. ಹತ್ತರಲ್ಲಿ ಒಂಬತ್ತು ಚಿತ್ರಗಳಲ್ಲಿ ಬರೀ ಮುಖ. ಕೋಳಿಯ ವಿಷಯದಲ್ಲಿ ಮುಖ ನೋಡಿ ಮಣೆ ಹಾಕಲಾಗದು. ಬೆನ್ನಿನ ಚಿತ್ರ ಕಳಿಸಿ ಎನ್ನುತ್ತೇನೆ.

ಮೊದಲು ಮೂಲ ವಿಚಾರಿಸಿ

ಮರಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ, ಅದನ್ನು ಎಲ್ಲಿಂದ ತಂದಿರಿ ಎಂಬುದರಲ್ಲಿ. ಮೊಟ್ಟೆ ಉದ್ಯಮಕ್ಕೆ ಮರಿ ಮಾಡಿಸುವ ಕಡೆ ಹುಟ್ಟಿದ ದಿನವೇ ಗಂಡು ಹೆಣ್ಣು ಬೇರ್ಪಡಿಸುತ್ತಾರೆ. ಹೆಣ್ಣುಗಳು ಫಾರಂಗಳಿಗೆ ಹೋಗುತ್ತವೆ. ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನಂತೆ ಮೈ ತುಂಬಿಕೊಳ್ಳುವುದೂ ಇಲ್ಲ. ವ್ಯಾಪಾರದ ಲೆಕ್ಕದಲ್ಲಿ ಅದು ಬೇಡದ ಸರಕು. ಬುಟ್ಟಿಯಲ್ಲಿ ಬಣ್ಣ ಬಳಿದುಕೊಂಡು ಕೂರುವ ಮರಿಗಳಲ್ಲಿ ಹೆಚ್ಚಿನವು ಇವೇ. ಅಂಥ ನಾಲ್ಕನ್ನು ಕೊಂಡು ನಾಲ್ಕೂ ಹೇಂಟೆಯಾಗಲಿ ಎಂದು ಹಾರೈಸಿದ್ದು ನನ್ನ ತಪ್ಪು, ಮರಿಗಳದ್ದಲ್ಲ.

ಹಿತ್ತಲಿಗೆಂದೇ ಮಾಡಿದ ತಳಿಗಳ ಕತೆ ಬೇರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಮರಿಗಳನ್ನು ಸಾಮಾನ್ಯವಾಗಿ ಬೇರ್ಪಡಿಸದೆಯೇ ಮಾರುತ್ತಾರೆ. ಹತ್ತು ತಂದರೆ ಐದರ ಆಸುಪಾಸು ಹುಂಜ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲೇ ಕಾವಿಗೆ ಕೂರಿಸಿ ತೆಗೆಸಿದ ನಾಟಿ ಪಿಳ್ಳೆಗಳಿಗೂ ಅದೇ ಲೆಕ್ಕ. ಇಲ್ಲಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ತಾಯಿ: ಹುಂಜಕ್ಕೆ ಎರಡು ಝಡ್ ಕ್ರೋಮೋಸೋಮ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಮನುಷ್ಯರ ಲೆಕ್ಕಕ್ಕೆ ಉಲ್ಟಾ.

ಮೂರು ನಾಲ್ಕು ತಿಂಗಳಾದ, ಮೊಟ್ಟೆಗೆ ಹತ್ತಿರವಾದ ಕೋಳಿಯನ್ನೇ ಸಂತೆಯಿಂದ ತರುವವರು ಈ ಜೂಜನ್ನು ಆಡಬೇಕಾಗಿಲ್ಲ. ಬೆಲೆ ಹೆಚ್ಚು, ಆದರೆ ಬೆನ್ನು ನೋಡಿ ಕೊಳ್ಳಬಹುದು.

ವಯಸ್ಸು ತಿಳಿಯದೆ ಪರೀಕ್ಷೆ ಇಲ್ಲ

ಕೋಳಿಯ ಹುಟ್ಟಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನಗಬೇಡಿ, ಆರು ವಾರಕ್ಕೆ ಹುಂಜವೆಂದು ಹೇಳುವ ಗುರುತೇ ಇಪ್ಪತ್ತು ವಾರಕ್ಕೆ ಹೇಂಟೆಯೆಂದು ಹೇಳಬಹುದು. ಪ್ರತಿ ಕೋಳಿಯ ಕಾಲಿಗೂ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಕಟ್ಟಿ, ಪ್ರತಿ ಭಾನುವಾರ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ದಾರವನ್ನು ಎರಡು ವಾರಕ್ಕೊಮ್ಮೆ ಸಡಿಲಿಸಬೇಕು, ಕಾಲು ದಪ್ಪವಾಗುತ್ತಾ ಹೋದಂತೆ ಅದು ಚರ್ಮದೊಳಕ್ಕೆ ಕೂರುತ್ತದೆ. ಹೇಮಾವತಿಯ ಕಾಲಿನಲ್ಲಿ ಆದ ಗಾಯ ನನಗೆ ಇದನ್ನು ಕಲಿಸಿತು.

ಅವಸರ ಇರುವವರಿಗೆ ಅಂದಾಜು: ಲೆಗ್‌ಹಾರ್ನ್ ಜಾತಿಯ ಬಿಳಿ ಕೋಳಿಗಳಲ್ಲಿ ನಾಲ್ಕೈದು ವಾರಕ್ಕೇ ವ್ಯತ್ಯಾಸ ಕಾಣುತ್ತದೆ. ಗಿರಿರಾಜದಂಥವು ಎಂಟು ವಾರವನ್ನಾದರೂ ಕೇಳುತ್ತವೆ. ನಾಟಿ ಕೋಳಿ ಮೂರು ತಿಂಗಳಿಗೆ ಮೊದಲು ಬಾಯಿ ಬಿಡುವುದಿಲ್ಲ, ಕೆಲವು ನಾಲ್ಕಕ್ಕೂ ಇಲ್ಲ.

ಜುಟ್ಟು ಹೇಳುವ ಅರ್ಧಸತ್ಯ

ಎಲ್ಲರೂ ಮೊದಲು ನೋಡುವುದು ತಲೆಯ ಮೇಲಿನ ಜುಟ್ಟು ಮತ್ತು ಗದ್ದದ ಕೆಳಗಿನ ಜೋಲನ್ನು. ಒಂದೇ ಗುಂಪಿನ, ಒಂದೇ ವಯಸ್ಸಿನ, ಒಂದೇ ತಳಿಯ ಮರಿಗಳ ನಡುವೆ ಹೋಲಿಸಿದರೆ ಇದು ಒಳ್ಳೆಯ ಗುರುತೇ. ಆರು ವಾರಕ್ಕೆ ಒಂದರ ಜುಟ್ಟು ಕೆಂಪಾಗಿ ಎದ್ದುನಿಂತು, ಪಕ್ಕದ್ದರ ಜುಟ್ಟು ಇನ್ನೂ ಹಳದಿ ಗೀರಿನಂತಿದ್ದರೆ ಮೊದಲನೆಯದು ಹುಂಜ ಎಂದು ಪಣ ಕಟ್ಟಬಹುದು.

ತೊಂದರೆ ಬರುವುದು ಆಮೇಲೆ. ಮೊಟ್ಟೆಗೆ ಬರುವ ಹೇಂಟೆಯ ಜುಟ್ಟೂ ಕೆಂಪೇರಿ ಉಬ್ಬುತ್ತದೆ. ಲೆಗ್‌ಹಾರ್ನ್ ಹೇಂಟೆಯ ಜುಟ್ಟಂತೂ ಒಂದು ಕಣ್ಣಿನ ಮೇಲೆ ಜೋತುಬೀಳುವಷ್ಟು ದೊಡ್ಡದು. ಅದನ್ನು ಹುಂಜವೆಂದು ಬಗೆದು ಸಾರಿಗೆ ಹಾಕಿ, ಒಳಗೆ ಸಾಲುಗಟ್ಟಿದ ಹಳದಿ ಮೊಟ್ಟೆಗೂಸುಗಳನ್ನು ಕಂಡು ಕೈ ಕೈ ಹಿಸುಕಿಕೊಂಡವರನ್ನು ನಾನು ಬಲ್ಲೆ. ಜಂತುಹುಳು, ಉಣ್ಣೆ, ಹೇನು ಹತ್ತಿ ರಕ್ತ ಕಡಿಮೆಯಾದರೆ ಹುಂಜದ ಜುಟ್ಟೂ ಬಿಳಚಿಕೊಳ್ಳುತ್ತದೆ. ಇನ್ನು ಅಸೀಲ್ ಎಂಬ ಕಾಳಗದ ತಳಿಯ ಹುಂಜದ ಜುಟ್ಟು ಬಟಾಣಿ ಸಾಲಿನಷ್ಟೇ ಚಿಕ್ಕದು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಬೆಂಗಳೂರಿನಲ್ಲಿ ಈಗ ಅನೇಕರ ಹಿತ್ತಲಿಗೆ ಬಂದಿದೆ. ಅದರ ಜುಟ್ಟು, ಮುಖ, ಕಾಲು ಎಲ್ಲ ಕಪ್ಪು. ಕೆಂಪು ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ.

ಜುಟ್ಟು ಹೀಗೆ ಬಣ್ಣ ಬದಲಿಸಲು ಕಾರಣವಿದೆ. ಅದು ರಕ್ತದಲ್ಲಿರುವ ಗಂಡು ಹಾರ್ಮೋನಿಗೆ ಕುಣಿಯುವ ಅಂಗ. ಜರ್ಮನಿಯ ಗಾಟಿಂಗೆನ್‌ನಲ್ಲಿ ಬರ್ತೋಲ್ಡ್ ಎಂಬ ವಿಜ್ಞಾನಿ 1849ರಲ್ಲೇ ಇದನ್ನು ಹುಂಜಗಳ ಮೇಲೆ ತೋರಿಸಿದ್ದ: ವೃಷಣ ತೆಗೆದರೆ ಜುಟ್ಟು ಮುದುಡಿತು, ಅದನ್ನೇ ಹೊಟ್ಟೆಯೊಳಗೆ ನೆಟ್ಟರೆ ಮತ್ತೆ ಬೆಳೆಯಿತು. ಮೊಟ್ಟೆಗೆ ಬಂದ ಹೇಂಟೆಯ ಅಂಡಾಶಯವೂ ಈ ಹಾರ್ಮೋನನ್ನು ಸ್ವಲ್ಪ ಸುರಿಸುತ್ತದೆ. ಹಾಗಾಗಿ ಜುಟ್ಟು ಸುಳ್ಳು ಹೇಳುವುದಿಲ್ಲ, ನಾವು ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತದೆ.

ಬೆನ್ನಿನ ಗರಿ

ಗರಿಯ ವಿಷಯ ಬೇರೆ. ಕೋಳಿಯ ಮೈ ತಾನಾಗಿ ಬಿಟ್ಟರೆ ತೊಡುವುದು ಹುಂಜದ ಉಡುಪನ್ನೇ. ಹೇಂಟೆಯ ದುಂಡು ಗರಿ ಮೂಡಬೇಕಾದರೆ ಅಂಡಾಶಯದ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಅಪ್ಪಣೆ ಕೊಡಬೇಕು. ಆದ್ದರಿಂದಲೇ ವೃಷಣ ತೆಗೆದ ಹುಂಜದ ಜುಟ್ಟು ಮುದುಡಿದರೂ ಗರಿ ಹುಂಜದ್ದೇ ಆಗಿ ಉಳಿಯುತ್ತದೆ. ಬೆನ್ನ ಮೇಲೆ ದುಂಡು ಗರಿ ಇದೆಯೆಂದರೆ ಒಳಗೆ ಅಂಡಾಶಯ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ನೋಡುವ ಕ್ರಮ ಹೀಗೆ. ಕತ್ತಲಾದ ಮೇಲೆ ಹೋಗಿ. ಹಗಲಲ್ಲಿ ತಾರಸಿ ತುಂಬ ಓಡಾಡಿಸುವ ಕೋಳಿ, ರಾತ್ರಿ ಅಡ್ಡಗೋಲಿನ ಮೇಲೆ ಕೂತಾಗ ಮುದ್ದೆಯಂತೆ ಕೈಗೆ ಬರುತ್ತದೆ. ಎರಡು ಕಾಲುಗಳನ್ನು ಒಂದು ಕೈಯ ಬೆರಳುಗಳ ನಡುವೆ ಹಿಡಿದು, ಎದೆಯನ್ನು ಮುಂಗೈ ಮೇಲೆ ಒರಗಿಸಿಕೊಳ್ಳಿ. ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಪಕ್ಕದಿಂದ, ಬೆನ್ನಿಗೆ ಸಮತಲವಾಗಿ ಹಿಡಿಯಲಿ. ನೇರ ಮೇಲಿನಿಂದ ಬೆಳಕು ಬಿಟ್ಟರೆ ಬಿಳಿ ಕೋಳಿಯಲ್ಲಿ ಏನೂ ಕಾಣುವುದಿಲ್ಲ.

ಈಗ ಬಾಲ ಶುರುವಾಗುವುದಕ್ಕೆ ಎರಡು ಬೆರಳು ಮುಂಚೆ, ಸೊಂಟ ಇಳಿಯುವ ಜಾಗದಲ್ಲಿ, ಒಂದು ಗರಿಯನ್ನು ಉಗುರಿನಿಂದ ಎತ್ತಿ. ಹೇಂಟೆಯ ಗರಿಯ ತುದಿ ಹೆಬ್ಬೆರಳಿನ ಉಗುರಿನಂತೆ ದುಂಡಗೆ, ಅಂಚು ಹೊಲಿಗೆ ಹಾಕಿದ ಬಟ್ಟೆಯಂತೆ ಕಟ್ಟಾಗಿರುತ್ತದೆ. ಬೆರಳಿನಿಂದ ಕೆದರಿದರೂ ಸವರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹುಂಜದ ಗರಿ ಸಪೂರ, ಉದ್ದ, ತುದಿ ಮೊನಚು. ಅದಕ್ಕಿಂತ ಮುಖ್ಯ, ಅದರ ಅಂಚು. ಎಳೆಗಳನ್ನು ಒಂದಕ್ಕೊಂದು ಹೆಣೆಯುವ ನವಿರಾದ ಕೊಂಡಿಗಳು ಅಲ್ಲಿಲ್ಲ. ಹಾಗಾಗಿ ಅಂಚು ಸೀರೆ ಸೆರಗಿನ ಕುಚ್ಚಿನಂತೆ ಬಿಡಿಬಿಡಿಯಾಗಿ ಜಾರುತ್ತದೆ, ಬೆಳಕಿಗೆ ರೇಷ್ಮೆಯ ಹಾಗೆ ಮಿಂಚುತ್ತದೆ. ಕುಚ್ಚು ಕಂಡಿತೆಂದರೆ ಅನುಮಾನ ಬೇಡ. ತುಂಗೆಯ ಸೊಂಟದಲ್ಲಿ ಬಿಳಿ ಮೇಲೆ ಬಿಳಿಯಾಗಿ ಇಂಥ ಕುಚ್ಚುಗಳ ಸಾಲೇ ಇತ್ತು, ಎರಡು ಬದಿಗೂ ಇಳಿಬಿದ್ದು. ಹಗಲಿಡೀ ನೋಡಿದರೂ ಕಂಡಿರಲಿಲ್ಲ.

ಕತ್ತಿನ ಗರಿಯಲ್ಲೂ ಇದೇ ವ್ಯತ್ಯಾಸ ಇರುತ್ತದೆ, ಆದರೆ ಹೇಂಟೆಯ ಕತ್ತಿನ ಗರಿಯೂ ಅಲ್ಪಸ್ವಲ್ಪ ಸಪೂರವೇ. ಹೊಸಬರು ಅಲ್ಲಿ ಎಡವುತ್ತಾರೆ. ಸೊಂಟವನ್ನೇ ನಂಬಿ.

ಒಂದು ಎಚ್ಚರ. ಮರಿಯ ಮೊದಲ ಗರಿಗಳು ಗಂಡಾಗಲಿ ಹೆಣ್ಣಾಗಲಿ ದುಂಡಗೇ ಇರುತ್ತವೆ. ಅವು ಉದುರಿ ಹೊಸವು ಬರಲು ಹತ್ತು ಹನ್ನೆರಡು ವಾರ ಬೇಕು. ಎಂಟನೆಯ ವಾರ ಬೆನ್ನು ನೋಡಿ ಹೇಂಟೆ ಎಂದು ಸಾರಿದರೆ ಹನ್ನೆರಡನೆಯ ವಾರ ಮಾತು ಹಿಂತೆಗೆದುಕೊಳ್ಳಬೇಕಾದೀತು. ಅನುಮಾನವಿದ್ದಾಗ ಹೊಸದಾಗಿ ಕೊಳವೆಯೊಳಗಿಂದ ಮೂಡುತ್ತಿರುವ ಗರಿಯನ್ನು ಹುಡುಕಿ, ಹಳೆಯದನ್ನಲ್ಲ.

ಬೆನ್ನೂ ಕೈಕೊಡುವ ತಳಿಗಳಿವೆ. ಸಿಲ್ಕಿ ಎಂದು ಮಾರುವ ಹತ್ತಿಯುಂಡೆಯಂಥ ಕೋಳಿಗಳ ಮೈಯೆಲ್ಲ ಕುಚ್ಚೇ ಆದ್ದರಿಂದ ಈ ಪರೀಕ್ಷೆ ಅಲ್ಲಿ ನಡೆಯದು. ತಲೆಯ ಮೇಲಿನ ಗೊಂಡೆಯಿಂದ ಹಿಂದಕ್ಕೆ ಚಾಚಿದ ಎಳೆಗಳು ಬಂದರೆ ಹುಂಜವೆನ್ನುತ್ತಾರೆ, ಕೊನೆಗೆ ಕೂಗು ಇಲ್ಲವೇ ಮೊಟ್ಟೆಯೇ ತೀರ್ಪು. ಸೀಬ್ರೈಟ್ ಎಂಬ ಇಂಗ್ಲೆಂಡಿನ ಕುಬ್ಜ ತಳಿಯಲ್ಲಿ ಹುಂಜವೂ ಹೇಂಟೆಯ ಗರಿಯನ್ನೇ ತೊಡುತ್ತದೆ. ಕತ್ತು ಬೋಳಾಗಿರುವ ಕೋಳಿಗಳಲ್ಲಿ ಮಾತ್ರ ತೊಂದರೆಯಿಲ್ಲ, ಕತ್ತಿನಲ್ಲಿ ಇಲ್ಲದ್ದು ಸೊಂಟದಲ್ಲಿ ಇರುತ್ತದೆ.

ಕೂಗಿದ್ದೆಲ್ಲ ಹುಂಜವಲ್ಲ, ಕೂಗದ್ದೆಲ್ಲ ಹೇಂಟೆಯಲ್ಲ

ಕಾವೇರಿ ಹೋದ ಮರುದಿನವೇ ತುಂಗೆ ಏಕೆ ಕೂಗಿತು? ನನ್ನ ತಾಯಿ “ಮನೆಗೆ ಯಜಮಾನ ಬೇಕಲ್ಲ” ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಪಿನಲ್ಲಿ ಮೇಲ್ಸ್ಥಾನದ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ಸರದಿಯಲ್ಲಿ ಅದರ ಹಿಂದೆ. ಮೊದಲನೆಯದನ್ನು ತೆಗೆದರೆ ಎರಡನೆಯದು ಆ ಜಾಗ ಹಿಡಿಯುತ್ತದೆ. ಎಳೆಯ ಹುಂಜಗಳಲ್ಲಿ ಕೆಳಗಿನದು ಬಾಯಿ ಮುಚ್ಚಿಕೊಂಡು ಹೇಂಟೆಗಳ ನಡುವೆ ಹೇಂಟೆಯಂತೆಯೇ ದಿನ ದೂಡುವುದೂ ಉಂಟು. ಆದ್ದರಿಂದ ಒಂದು ಹುಂಜವನ್ನು ಸಾಗಿಸಿ ನಿಟ್ಟುಸಿರು ಬಿಡುವ ಮೊದಲು ಉಳಿದ ಎಲ್ಲದರ ಬೆನ್ನನ್ನೂ ಒಂದೇ ರಾತ್ರಿ ನೋಡಿ ಮುಗಿಸಿ. ನಾನು ಹಾಗೆ ಮಾಡದೆ ನಾಲ್ಕು ಬಾರಿ ಊರಿಗೆ ಬಸ್ ಹತ್ತಿದೆ. ಕೋಳಿ ಕೇಳಿ ಮಸಾಲೆ ಅರೆಯುವ ಮನೆಯಲ್ಲ ಅದು. ಮಗಳಿಗೆ ನದಿಗಳೆಲ್ಲ ತೋಟದಲ್ಲಿ ಹಾಯಾಗಿವೆ ಎಂದು ಹೇಳಿದ್ದೇವೆ.

ನಾಲ್ಕೂ ಹೋದವು. ವಾರ ಕಳೆದು ಕಪಿಲೆ ಕೂಗಿತು.

ಪೂರ್ತಿ ಕೂಗಲ್ಲ, ತುಕ್ಕು ಹಿಡಿದ ಗೇಟಿನಂತೆ, ಕೊನೆಯ ಎಳೆತ ಇಲ್ಲದ್ದು. ಮಹಡಿಯವರು ಈ ಸಲ ಮಾತಾಡಲಿಲ್ಲ, ಬರೀ ನಕ್ಕರು. ರಾತ್ರಿ ಟಾರ್ಚ್ ಹಿಡಿದು ನೋಡಿದೆವು. ಸೊಂಟದ ಕಂದು ಗರಿ ಒಂದೊಂದೂ ದುಂಡಗೆ, ನುಣ್ಣಗೆ, ಕೆದರಿ ಸವರಿದರೆ ಕೂಡಿಕೊಳ್ಳುತ್ತಿತ್ತು. ಎತ್ತೆತ್ತಿ ನೋಡಿದರೂ ಕುಚ್ಚಿಲ್ಲ. ಅದು ಹೇಂಟೆಯೇ. ಹುಂಜವಿಲ್ಲದ ಗುಂಪಿನಲ್ಲಿ ಗಟ್ಟಿಗಿತ್ತಿ ಹೇಂಟೆಯೊಂದು ಕೂಗುವುದು ಅಪರೂಪವಾದರೂ ಆಗುವಂಥದ್ದು. ನಮ್ಮ ಕಡೆ ಅದನ್ನು ಅಪಶಕುನವೆಂದು ಕತ್ತು ಮುರಿಯುವವರಿದ್ದಾರೆ. ಒಳ್ಳೆಯ ಮೊಟ್ಟೆಕೋಳಿಯನ್ನು ಕಳೆದುಕೊಳ್ಳಲು ಅದಕ್ಕಿಂತ ಸುಲಭ ದಾರಿ ಇಲ್ಲ.

ನಡತೆಯಲ್ಲಿ ಕೂಗಿಗಿಂತ ನಂಬಬಹುದಾದ ಗುರುತೊಂದಿದೆ. ಹಿಡಿ ರಾಗಿ ಎರಚಿ ದೂರ ನಿಲ್ಲಿ. ಕಾಳು ಕಂಡು “ಕುಕ್ ಕುಕ್” ಎಂದು ಕರೆಯುತ್ತಾ, ತಾನು ನುಂಗದೆ ಎತ್ತಿ ಎತ್ತಿ ಕೆಳಗೆ ಹಾಕಿ ಉಳಿದವನ್ನು ಉಪಚರಿಸುವುದು ಹುಂಜ. ಮರಿಗಳ ತಾಯಿಯೂ ಹಾಗೆ ಮಾಡುತ್ತಾಳೆ, ಆದರೆ ಅವಳ ಸುತ್ತ ಮರಿಗಳಿರುತ್ತವೆ. ಒಂದು ರೆಕ್ಕೆ ನೆಲಕ್ಕೆ ತಾಗುವಷ್ಟು ಇಳಿಬಿಟ್ಟು ಇನ್ನೊಂದರ ಸುತ್ತ ಓರೆಯಾಗಿ ಹೆಜ್ಜೆ ಹಾಕಿದರೂ ಹುಂಜವೇ. ಎದೆಗೆ ಎದೆ ಕೊಟ್ಟು ಹಾರಿ ಜಗಳವಾಡುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಎಳೆಯ ಹೇಂಟೆಗಳೂ ಹಾಗೆಯೇ ಕಚ್ಚಾಡುತ್ತವೆ.

ಬಿಟ್ಟುಬಿಡಬೇಕಾದ ಪರೀಕ್ಷೆಗಳು

ಮೊಟ್ಟೆ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ ಎನ್ನುವುದು ಸುಳ್ಳು. ಮೊಟ್ಟೆಯ ಆಕಾರ ಇಡುವ ಕೋಳಿಯದ್ದು. ದಾರಕ್ಕೆ ಉಂಗುರ ಕಟ್ಟಿ ತೂಗಾಡಿಸುವುದು ಕೈಯ ನಡುಕವನ್ನು ಅಳೆಯುತ್ತದೆ. ಮರಿಯ ಮೇಲೆ ಟೋಪಿ ಎಸೆದು, ತಲೆ ಎತ್ತಿದರೆ ಗಂಡು, ಕುಕ್ಕರಿಸಿದರೆ ಹೆಣ್ಣು ಎನ್ನುವುದೂ ಅಷ್ಟೇ. ನಮ್ಮ ತಾರಸಿಯ ಮೇಲೆ ದಿನಕ್ಕೆ ಹತ್ತು ಸಲ ಹದ್ದು ಸುಳಿಯುತ್ತದೆ, ಆಗ ಐದೂ ಟ್ಯಾಂಕಿನ ಅಡಿಗೆ ಓಡುತ್ತಿದ್ದವು.

ರೆಕ್ಕೆಗರಿ ನೋಡಿ ಹೇಳುವುದು ನಿಜವಾದ ವಿದ್ಯೆ, ಆದರೆ ಅದಕ್ಕೆಂದೇ ಕೂಡಿಸಿದ ತಂದೆತಾಯಿಗಳ ಮರಿಗಳಲ್ಲಿ, ಅದೂ ಹುಟ್ಟಿದ ಮೊದಲೆರಡು ದಿನ ಮಾತ್ರ. ನಾಟಿ ಪಿಳ್ಳೆಯ ರೆಕ್ಕೆ ಬಿಡಿಸಿ ನೋಡಿದರೆ ಏನೂ ತಿಳಿಯದು. ಮಲದ್ವಾರ ಬಿಡಿಸಿ ಒಳಗಿನ ಗುಂಡುಸೂಜಿಯ ತಲೆಯಷ್ಟು ಉಬ್ಬನ್ನು ಗುರುತಿಸುವ ವಿಧಾನ 1920ರ ದಶಕದಲ್ಲಿ ಜಪಾನಿನಲ್ಲಿ ಬೆಳೆದದ್ದು. ಪಳಗಿದವರು ಕ್ಷಣಮಾತ್ರದಲ್ಲಿ ಹೇಳುತ್ತಾರೆ. ಮನೆಯಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ. ಬೆರಳು ಸ್ವಲ್ಪ ಬಿಗಿಯಾದರೆ ಮರಿಯ ಕರುಳು ಹೋಗುತ್ತದೆ.

ಕಾಲಿನ ಮುಳ್ಳು? ಹುಂಜಕ್ಕೆ ಬೆಳೆಯುತ್ತದೆ, ವಯಸ್ಸಾದ ಹೇಂಟೆಗೂ ಬೆಳೆಯಬಹುದು. ಮುಂದೆ ಹೋಗೋಣ.

ಹೇಂಟೆಯೇ ಹೌದು, ಮೊಟ್ಟೆ ಎಲ್ಲಿ?

ಬೆನ್ನು ಹೇಂಟೆ ಎಂದಿತು, ಗೂಡು ಖಾಲಿ. ಈಗ ಕೈ ಹಿಂಭಾಗಕ್ಕೆ ಹೋಗಬೇಕು. ಮಲದ್ವಾರದ ಕೆಳಗೆ ಎರಡು ಮೊನೆ ಎಲುಬುಗಳು ತಗಲುತ್ತವೆ. ಅವುಗಳ ನಡುವೆ ಒಂದು ಬೆರಳು ಹಿಡಿಸಿದರೆ ಇನ್ನೂ ಕಾಲ ಬಂದಿಲ್ಲ. ಎರಡು ಮೂರು ಬೆರಳು ಹಿಡಿಸಿ, ಎಲುಬು ಸ್ವಲ್ಪ ಬಾಗುವಂತಿದ್ದರೆ ಇಡುತ್ತಿದೆ ಅಥವಾ ಇವತ್ತೋ ನಾಳೆಯೋ ಇಡಲಿದೆ. ಹುಂಜದಲ್ಲಿ ಈ ಸಂದು ಎಂದೂ ಇಕ್ಕಟ್ಟೇ. ನೀವು ಬೆನ್ನು ಮುಟ್ಟಿದಾಗ ರೆಕ್ಕೆ ಅಗಲಿಸಿ ನೆಲಕ್ಕೆ ಕುಕ್ಕರಿಸಿದರೆ ಅದೂ ಮೊಟ್ಟೆಯ ಮುನ್ಸೂಚನೆ.

ಲೆಗ್‌ಹಾರ್ನ್ ಹೇಂಟೆ ಐದನೆಯ ತಿಂಗಳಲ್ಲೇ ಇಡತೊಡಗುತ್ತದೆ, ನಾಟಿ ಆರೇಳು ತಿಂಗಳು ತೆಗೆದುಕೊಳ್ಳುತ್ತದೆ. ಬೆಳಕೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು, ಜೂನಿನಲ್ಲೂ ಹದಿಮೂರು ಗಂಟೆ ತುಂಬುವುದಿಲ್ಲ. ಫಾರಂಗಳಲ್ಲಿ ದೀಪ ಹಾಕಿ ಹದಿನಾರಕ್ಕೆ ಎಳೆಯುತ್ತಾರೆ. ಧನುರ್ಮಾಸದ ಮಂಜಿನಲ್ಲಿ ವಯಸ್ಸಿಗೆ ಬಂದ ಹೇಂಟೆ ತಡಮಾಡಿದರೆ ಗಾಬರಿ ಬೇಡ. ಮತ್ತೆ, ಮೊಟ್ಟೆಗೆ ಹುಂಜ ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು.

ಇದೆಲ್ಲಕ್ಕೂ ತಿರುಗುಮುರುಗಾದ ದೋಷ ಒಂದಿದೆ: ವರ್ಷಗಟ್ಟಲೆ ಮೊಟ್ಟೆ ಇಟ್ಟ ಮುದಿ ಹೇಂಟೆ ಗರಿ ಉದುರಿಸಿ, ಹೊಸದಾಗಿ ಮೂಡಿದ ಗರಿಯಲ್ಲಿ ಕುಚ್ಚು ತೋರಿಸಿ, ಕೂಗತೊಡಗುತ್ತದೆ. ಕೋಳಿಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಗಡ್ಡೆಯಿಂದಲೋ ರೋಗದಿಂದಲೋ ಅದು ಕೆಟ್ಟರೆ ಈಸ್ಟ್ರೋಜೆನ್ ನಿಲ್ಲುತ್ತದೆ, ಬಲಗಡೆ ಮುದುಡಿ ಕೂತಿದ್ದ ಅಂಗ ವೃಷಣದ ಹಾಗೆ ಬೆಳೆಯಲೂಬಹುದು. ಅಪ್ಪಣೆ ಕೊಡುವವರಿಲ್ಲದೆ ಮೈ ಮೊದಲಿನ ಉಡುಪಿಗೆ ಮರಳುತ್ತದೆ. ಕ್ರೋಮೋಸೋಮ್ ಲೆಕ್ಕದಲ್ಲಿ ಅದು ಹೇಂಟೆಯೇ. ಇದಕ್ಕೆ ಮನೆಮದ್ದಿಲ್ಲ, ಹೊಟ್ಟೆ ಊದಿದ್ದರೆ, ಮೇವು ಬಿಟ್ಟಿದ್ದರೆ ಪಶುವೈದ್ಯರಿಗೆ ತೋರಿಸಿ.

ಕಪಿಲೆಯದು ಆ ಕಾಯಿಲೆಯಲ್ಲ. ಸಂಕ್ರಾಂತಿ ಕಳೆದ ಮೇಲೆ ಎಲುಬಿನ ಸಂದು ಎರಡು ಬೆರಳಾಯಿತು, ಗೂಡು ಮಾತ್ರ ಖಾಲಿ. ಶಿವರಾತ್ರಿಯ ಹಿಂದಿನ ದಿನ ಟ್ಯಾಂಕ್ ತೊಳೆಯಲು ಬಂದ ಹುಡುಗ ಹಳೆಯ ಸಿಮೆಂಟ್ ಬಾಂಡ್ಲಿಯನ್ನು ಎತ್ತಿಕೊಂಡು ಕೆಳಗೆ ಬಂದ. ಒಳಗೆ ತೆಂಗಿನ ನಾರಿನ ಮೇಲೆ ಏಳು ಮೊಟ್ಟೆಗಳಿದ್ದವು. ಮರುದಿನ ಬೆಳಗಿನ ಜಾವ ಅದು ಮತ್ತೆ ಕೂಗಿತು.